ಬ್ರಿಕ್‌ಗಳಲ್ಲಿ ಸಸ್ಯೋದ್ಯಾನ ಕಟ್ಟುವ ಬಗೆ

ಲೆಗೋದಂಥ ಆಟಿಕೆ ಬ್ರಿಕ್‌ಗಳಲ್ಲಿ ಉದ್ಯಾನವನ ಕಟ್ಟುವುದು ಸುಲಭ. ಹಸಿರು ಹಾಸು, ನಾಲ್ಕು ಮರ, ಎರಡು ಬೆಂಚು ಇಟ್ಟರೆ ಮುಗಿಯಿತು. ಸಸ್ಯೋದ್ಯಾನಕ್ಕೆ ಅಷ್ಟು ಸಾಲದು. ಅಲ್ಲಿ ಪ್ರತಿ ಗಿಡಕ್ಕೂ ಒಂದು ಹೆಸರು, ಒಂದು ಕುಲ, ಒಂದು ಜಾಗ ಇರುತ್ತದೆ. ಮಾದರಿಯನ್ನು ನೋಡಿದವರು "ಇದು ಬಿದಿರು, ಅದು ಸೀತಾಳೆ, ಅಲ್ಲಿ ಕಳ್ಳಿ" ಎಂದು ಬೆರಳು ಮಾಡಿ ತೋರಿಸುವಂತಿರಬೇಕು. ಆದ್ದರಿಂದ ಸಾವಿರ ಎಲೆ ತುಂಬುವುದಕ್ಕಿಂತ ಹತ್ತೇ ಬಗೆಯ ಗಿಡಗಳನ್ನು ಗುರುತು ಸಿಗುವಂತೆ ಮಾಡುವುದು ಮೇಲು. ಕೆಳಗಿನ ಲೆಕ್ಕವೆಲ್ಲ 48×48 ಸ್ಟಡ್‌ನ (ತುಣುಕಿನ ಮೇಲಿನ ದುಂಡು ಉಬ್ಬೇ ಸ್ಟಡ್) ಒಂದು ಬೇಸ್‌ಪ್ಲೇಟ್ ಎಂಬ ತಳದ ಹಾಳೆಗೆ, ಅಂದರೆ ಸುಮಾರು 38 ಸೆಂ.ಮೀ. ಚೌಕಕ್ಕೆ ಹೊಂದುತ್ತದೆ.

ಮೊದಲು ಅಳತೆ

ಮೂರು ಅಂಕಿಗಳು ಬಾಯಲ್ಲೇ ಇರಲಿ. ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ 8 ಮಿ.ಮೀ., ಬ್ರಿಕ್‌ನ ಎತ್ತರ 9.6 ಮಿ.ಮೀ., ತೆಳು ತುಣುಕಾದ ಪ್ಲೇಟ್‌ನ ಎತ್ತರ 3.2 ಮಿ.ಮೀ. ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್. ಐದು ಪ್ಲೇಟ್‌ನ ಎತ್ತರ 16 ಮಿ.ಮೀ., ಎಂದರೆ ಸರಿಯಾಗಿ ಎರಡು ಸ್ಟಡ್ ಅಗಲ. ತುಣುಕುಗಳನ್ನು ಅಡ್ಡಡ್ಡ ತಿರುಗಿಸಿ ಜೋಡಿಸುವಾಗ ಈ ಕೊನೆಯ ಲೆಕ್ಕವೇ ಕೈ ಹಿಡಿಯುತ್ತದೆ.

ಈ ಬ್ರಿಕ್‌ಗಳ ಜೊತೆ ಬರುವ ಪುಟ್ಟ ಗೊಂಬೆಯ ಎತ್ತರ ಸುಮಾರು 4 ಸೆಂ.ಮೀ. ಅದನ್ನು 1.7 ಮೀಟರ್ ಎತ್ತರದ ಮನುಷ್ಯ ಎಂದುಕೊಂಡರೆ ನಿಜಕ್ಕೂ ಮಾದರಿಗೂ ಇರುವ ಅನುಪಾತ ಸುಮಾರು 42ಕ್ಕೆ 1. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1844ರಿಂದ 1848ರ ನಡುವೆ ಕಟ್ಟಿದ ತಾಳೆಮನೆಯ (ತಾಳೆಗಳನ್ನು ಬೆಳೆಸುವ ಗಾಜಿನ ಮನೆ) ಉದ್ದ ಸುಮಾರು 110 ಮೀಟರ್, ಎತ್ತರ ಸುಮಾರು 20 ಮೀಟರ್. ಈ ಅನುಪಾತದಲ್ಲಿ ಅದನ್ನು ಮಾಡಹೊರಟರೆ 2.6 ಮೀಟರ್ ಉದ್ದ, 48 ಸೆಂ.ಮೀ. ಎತ್ತರದ ಮಾದರಿ ಬೇಕಾಗುತ್ತದೆ. ಹಾಗಾಗಿ ಹೆಸರಾಂತ ಕಟ್ಟಡವನ್ನು ಇಡಿಯಾಗಿ ಕುಗ್ಗಿಸುವ ಆಸೆ ಬಿಟ್ಟು ಅದರ ಲಕ್ಷಣವನ್ನಷ್ಟೇ ತೆಗೆದುಕೊಳ್ಳಿ. ಬಾಗಿಲು, ಬೆಂಚು, ದಾರಿಗಳನ್ನು ಗೊಂಬೆಯ ಅಳತೆಗೆ ಸರಿಯಾಗಿಡಿ, ಕಟ್ಟಡದ ಉದ್ದವನ್ನು ಮಾತ್ರ ಮೊಟಕುಗೊಳಿಸಿ. ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ. ಬಾಗಿಲು ತಪ್ಪಿದರೆ ಒಪ್ಪುವುದಿಲ್ಲ.

ಎಷ್ಟು ತುಣುಕು ಬೇಕಾದೀತು ಎಂಬ ಅಂದಾಜಿಗೆ ಒಂದು ಹೋಲಿಕೆ: 2024ರಲ್ಲಿ ಲೆಗೋ ಹೊರತಂದ ಸಸ್ಯೋದ್ಯಾನದ ಸೆಟ್‌ನಲ್ಲಿ 3,792 ತುಣುಕುಗಳಿವೆ. ಇಂಥ ಮಾದರಿಗಳಲ್ಲಿ ತುಣುಕುಗಳ ದೊಡ್ಡ ಪಾಲು ಗಿಡಗಳಿಗೇ ಹೋಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ನೆಲ

ಬೇಸ್‌ಪ್ಲೇಟ್ ಮೇಲೆ ನೇರವಾಗಿ ಗಿಡ ನೆಡಬೇಡಿ. ತೆಳು ಹಾಳೆ ಎತ್ತುವಾಗ ಬಳುಕುತ್ತದೆ, ಮೇಲಿನ ಗೋಡೆಗಳ ಸಂದು ಬಿಡುತ್ತವೆ. ಕೊಳ ತೋಡಲು ಆಳವೂ ಸಿಗುವುದಿಲ್ಲ. ಒಂದು ಬ್ರಿಕ್ ಎತ್ತರದ ಗೋಡೆಗಳ ಚೌಕಳಿಯನ್ನು ಎಂಟೆಂಟು ಸ್ಟಡ್ ಅಂತರದಲ್ಲಿ ಹಾಕಿ, ಅದರ ಮೇಲೆ ಪ್ಲೇಟ್ ಹೊದಿಸಿ. ಒಳಗಿನ ಗೋಡೆಗಳ ಅಗಲ ಎರಡು ಸ್ಟಡ್ ಇರಲೇಬೇಕು. ಒಂದೇ ಸ್ಟಡ್ ಇದ್ದರೆ ಎರಡು ಪ್ಲೇಟ್ ಕೂಡುವ ಕಡೆ ಗೋಡೆ ಒಂದಕ್ಕೆ ಮಾತ್ರ ಆಧಾರ ಕೊಡುತ್ತದೆ, ಇನ್ನೊಂದರ ಅಂಚು ಬೆರಳೊತ್ತಿದರೆ ಕುಸಿಯುತ್ತದೆ. ಈ ಗೋಡೆಗಳು ಯಾರಿಗೂ ಕಾಣುವುದಿಲ್ಲ, ಉಳಿದುಹೋದ ಬಣ್ಣಗಳನ್ನೆಲ್ಲ ಇಲ್ಲಿ ಮುಗಿಸಬಹುದು. ಕೊಳದ ಸುತ್ತಲಿನವು ಮಾತ್ರ ಕಾಣುತ್ತವೆ, ಅಲ್ಲಿ ಬೂದು ಬಣ್ಣವೇ ಇರಲಿ.

ಈಗ ನಕ್ಷೆ. ಗಾಜಿನ ಮನೆ 26×16 ಸ್ಟಡ್. ಹಿಂದಿನ ಅಂಚಿನಿಂದ ಎರಡು ಸ್ಟಡ್ ಬಿಟ್ಟು, ಎಡಬಲಕ್ಕೆ ಹನ್ನೊಂದು ಹನ್ನೊಂದು ಬಿಟ್ಟು ಕೂರಿಸಿ. ಮುಂದೆ 30 ಸ್ಟಡ್ ಆಳದ ತೋಟ ಉಳಿಯುತ್ತದೆ. ಬಾಗಿಲಿನಿಂದ ಮುಂದಿನ ಅಂಚಿನವರೆಗೆ ನಾಲ್ಕು ಸ್ಟಡ್ ಅಗಲದ ಮುಖ್ಯ ದಾರಿ, ಅದರ ನಡುವೆ 12×12ರ ಕೊಳ, ಕೊಳವನ್ನು ಬಳಸಿ ಎರಡೂ ಬದಿಗೆ ದಾರಿ. ಪಾತಿಗಳ ನಡುವಿನ ಕಾಲುದಾರಿಗೆ ಮೂರು ಸ್ಟಡ್ ಕೊಡಿ. ಎರಡು ಕೊಟ್ಟರೂ ಗೊಂಬೆ ನಿಲ್ಲುತ್ತದೆ, ಆದರೆ ಅದರ ಕೈಗಳು ಎರಡೂ ಕಡೆಯ ಎಲೆಗಳಿಗೆ ತಾಗಿ ಗಿಡ ಕಿತ್ತು ಬರುತ್ತದೆ.

ಪಾತಿಗಳ ವಿನ್ಯಾಸಕ್ಕೆ ಇಟಲಿಯ ಪಾದುವಾದಲ್ಲಿ 1545ರಲ್ಲಿ ಆರಂಭವಾದ ಸಸ್ಯೋದ್ಯಾನವನ್ನು ನೋಡಿ: ಒಂದು ವೃತ್ತ, ಅದರೊಳಗೆ ಚೌಕ, ಚೌಕಕ್ಕೆ ನಾಲ್ಕು ಭಾಗ. ಬ್ರಿಕ್‌ನಲ್ಲಿ ವೃತ್ತ ಬರುವುದು ಕಷ್ಟ, ಆದರೆ ಓರೆ ಪಾತಿ ಚೆನ್ನಾಗಿ ಬರುತ್ತದೆ. 3-4-5ರ ತ್ರಿಕೋನ ಇದಕ್ಕೆ ಸಾಕು. ಒಂದು ಸ್ಟಡ್‌ನಿಂದ ಮೂರು ಅಡ್ಡ, ನಾಲ್ಕು ಉದ್ದ ಸರಿದರೆ ಓರೆಯಲ್ಲಿ ದೂರ ಸರಿಯಾಗಿ ಐದು. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಐದು ಎಂದೊಡನೆ ಐದು ಸ್ಟಡ್‌ನ ತುಣುಕು ಹುಡುಕುತ್ತಾರೆ. ಅಳತೆ ಸ್ಟಡ್‌ನ ನಡುವಿನಿಂದ ನಡುವಿಗೆ ಆದ್ದರಿಂದ ಬೇಕಾದದ್ದು 1×6 ಪ್ಲೇಟ್. ಅದರ ಎರಡು ತುದಿಗಳ ಅಡಿಗೆ ಮಾತ್ರ 1×1 ದುಂಡು ಪ್ಲೇಟ್ ಇಟ್ಟು ಕೂರಿಸಿ. ನಡುವಿನ ನಾಲ್ಕು ಸ್ಟಡ್ ಕೆಳಗಿನ ಯಾವುದಕ್ಕೂ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಒತ್ತಿ ಕೂರಿಸಲು ಹೋದರೆ ಪ್ಲೇಟ್ ಬಾಗುತ್ತದೆ.

ಕೊಳ

ಕೊಳದ ಜಾಗದಲ್ಲಿ ಚೌಕಳಿ ಗೋಡೆಯೂ ಬೇಡ, ಮೇಲಿನ ಪ್ಲೇಟೂ ಬೇಡ. ನೇರ ಬೇಸ್‌ಪ್ಲೇಟ್ ಮೇಲೆ ಎರಡು ಸುತ್ತು ಪ್ಲೇಟ್ ಹಾಕಿ. ಮೇಲಿನ ಸುತ್ತಿನಲ್ಲಿ ಕಡು ನೀಲಿ, ಕಡು ಹಸಿರು, ಪಾಚಿ ಬಣ್ಣಗಳನ್ನು ಬೆರೆಸಿ, ಅಂಚಿನತ್ತ ತಿಳಿ, ನಡುವಿನತ್ತ ಕಡು ಬರಲಿ. ಅದರ ಮೇಲೆ ಪಾರದರ್ಶಕ ತಿಳಿನೀಲಿ ಟೈಲ್, ಅಂದರೆ ಮೇಲೆ ಸ್ಟಡ್ ಇಲ್ಲದ ನುಣುಪು ತುಣುಕು. ದಾರಿಯ ಟೈಲ್ ಐದು ಪ್ಲೇಟ್ ಎತ್ತರದಲ್ಲಿದ್ದರೆ ನೀರು ಮೂರರಲ್ಲಿ ನಿಲ್ಲುತ್ತದೆ. ಆ ಎರಡು ಪ್ಲೇಟ್‌ನ ಅಂತರ, 6.4 ಮಿ.ಮೀ., ನಿಜದಲ್ಲಿ ಒಂದು ಗೇಣಿಗಿಂತ ತುಸು ಹೆಚ್ಚು. ಕೊಳದ ಕಟ್ಟೆಗೆ ಹೇಳಿ ಮಾಡಿಸಿದ ಅಳತೆ.

ಪಾರದರ್ಶಕ ಪ್ಲೇಟ್ ಮೇಲೆ ಪಾರದರ್ಶಕ ಪ್ಲೇಟ್ ಒತ್ತಬೇಡಿ. ಅವು ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ, ಬಿಡಿಸುವಾಗ ಗೀರು ಬೀಳುತ್ತದೆ ಅಥವಾ ಮೂಲೆ ಮುರಿಯುತ್ತದೆ. ಆಳ ತೋರಿಸಬೇಕಿದ್ದರೆ ಕೆಳಗಿನ ಬಣ್ಣ ಬದಲಿಸಿ, ಪಾರದರ್ಶಕ ಪದರವನ್ನು ಹೆಚ್ಚಿಸಬೇಡಿ.

ನೀರಿನ ಮೇಲೆ ದೈತ್ಯ ನೈದಿಲೆ, ವಿಕ್ಟೋರಿಯಾ, ಇರಲೇಬೇಕು. ಅದರ ಎಲೆ ಎರಡು ಮೀಟರ್ ಅಗಲ ಬೆಳೆಯುವುದು ಸಾಮಾನ್ಯ. ನಮ್ಮ ಅನುಪಾತದಲ್ಲಿ ಅದು 48 ಮಿ.ಮೀ., ಅಂದರೆ ಆರು ಸ್ಟಡ್ ಅಗಲದ ಡಿಶ್ (ಭಾಗ ಸಂಖ್ಯೆ 44375). ಬಟ್ಟಲಿನ ಬಾಯಿ ಮೇಲೆ ಬರುವಂತೆ ಇಟ್ಟರೆ ಎಲೆಯ ಅಂಚು ಹಪ್ಪಳದ ಹಾಗೆ ಮೇಲೆದ್ದಿರುವ ಆ ಗಿಡದ ಮುಖ್ಯ ಗುರುತೂ ತಾನಾಗಿ ಬರುತ್ತದೆ. ಅಡಿಗೆ 2×2 ದುಂಡು ಪ್ಲೇಟ್ ಒಂದನ್ನು ಕೊಡಿ, ಅದು ಹಿಡಿಯಲು ನೀರಿನ ಆ ಜಾಗದಲ್ಲಿ ಟೈಲ್ ಬದಲು ಸ್ಟಡ್ ಇರುವ ಪ್ಲೇಟ್ ಬಿಟ್ಟಿರಿ. ಆರರ ಡಿಶ್ ಒಂದು, ನಾಲ್ಕರದು ಎರಡು, ಎರಡರದು ಮೂರು ಸಾಕು. ಬಿಳಿಯ ಒಂದು ಹೂವು, ಗುಲಾಬಿಯ ಒಂದು ಹೂವು ಇಡಿ. ವಿಕ್ಟೋರಿಯಾ ಹೂ ಮೊದಲ ರಾತ್ರಿ ಬಿಳಿಯಾಗಿ ಅರಳಿ ಎರಡನೆಯ ರಾತ್ರಿಗೆ ಗುಲಾಬಿಗೆ ತಿರುಗುತ್ತದೆ. ಸಸ್ಯ ಬಲ್ಲವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಗಾಜಿನ ಮನೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವ ಭಾಗ ಇದು. ಒಂದು ಸ್ಟಡ್ ಕಂಬ, ನಾಲ್ಕು ಸ್ಟಡ್ ಕಿಟಕಿ, ಮತ್ತೆ ಕಂಬ, ಹೀಗೆ ಸಾಲು. ಉದ್ದದ ಗೋಡೆಗೆ ಐದು ಕಿಟಕಿ, ಆರು ಕಂಬ: 20 ಮತ್ತು 6 ಸೇರಿ 26. ಅಗಲದ ಗೋಡೆಗೆ ಮೂರು ಕಿಟಕಿ, ನಾಲ್ಕು ಕಂಬ: 16. ಎರಡೂ ಕಡೆ ಕಿಟಕಿಗಳ ಸಂಖ್ಯೆ ಬೆಸ ಇರುವುದು ಮುಖ್ಯ. ಆಗಲೇ ಬಾಗಿಲು ನಟ್ಟನಡುವೆ, ನಾಲ್ಕು ಸ್ಟಡ್ ದಾರಿಗೆ ನೇರವಾಗಿ ಬರುತ್ತದೆ. ಮೂಲೆಗಳು ಹಂಚಿಕೆಯಾಗುವುದರಿಂದ ಒಟ್ಟು 16 ಕಂಬ, 16 ಅಂಕಣ. ಬೇಕಾಗುವ ಸಾಮಾನು ಹೀಗೆ:

1×4×6 ಕಿಟಕಿ ಚೌಕಟ್ಟು ಗಾಜು ಸಹಿತ 15, ಅದೇ ಅಳತೆಯ ಬಾಗಿಲು 1
1×1×5 ಬ್ರಿಕ್ 16, 1×1 ಬ್ರಿಕ್ 16 (ಎರಡೂ ಸೇರಿ ಒಂದು ಕಂಬ, ಆರು ಬ್ರಿಕ್ ಎತ್ತರ)
ಮಾಡಿಗೆ 1×10 ಪ್ಲೇಟ್ 16, 1×8 ಪ್ಲೇಟ್ 6, 1×4 ಪ್ಲೇಟ್ 4
ಬದಿಯಲ್ಲಿ ಹಿಡಿಕೆ ಇರುವ 1×2 ಪ್ಲೇಟ್ 12, ಕ್ಲಿಪ್ ಇರುವ 1×1 ಪ್ಲೇಟ್ 12

ಇವಲ್ಲದೆ ತಲೆಪಟ್ಟಿಗೆ, ತ್ರಿಕೋನ ಗೋಡೆಗಳಿಗೆ, ನೆತ್ತಿಯ ತೊಲೆಗೆ ಬೇರೆ ಬೇರೆ ಉದ್ದದ ಪ್ಲೇಟ್, ಬ್ರಿಕ್ ಕೈಯಲ್ಲಿರಲಿ. ಎಲ್ಲ ಬಿಳಿಯದೇ ಆದರೆ ಒಳಗಿನ ಹಸಿರು ಎದ್ದು ಕಾಣುತ್ತದೆ. ಕಡು ಹಸಿರು ಚೌಕಟ್ಟೂ ಚೆಂದವೇ, ಆದರೆ ಎಲೆಗಳೊಡನೆ ಬೆರೆತುಹೋಗುತ್ತದೆ.

ಕಂಬ ಮತ್ತು ಕಿಟಕಿ ಪಕ್ಕಪಕ್ಕ ನಿಂತಿವೆಯೇ ಹೊರತು ಒಂದನ್ನೊಂದು ಹಿಡಿದಿಲ್ಲ. ಆರು ಬ್ರಿಕ್ ಎತ್ತರದವರೆಗೂ ಅವು ವಾಲಾಡುತ್ತವೆ. ಇದು ತಪ್ಪಲ್ಲ, ಮೇಲಿನ ಪಟ್ಟಿ ಬಿದ್ದ ಮೇಲೆ ಸರಿಹೋಗುತ್ತದೆ. ಆದರೆ ಆ ಪಟ್ಟಿಯ ಸಂದು ಕಂಬದ ನೆತ್ತಿಯಲ್ಲಿ ಬೀಳಕೂಡದು, ಕಿಟಕಿಯ ನಡುವೆಯೇ ಬೀಳಬೇಕು. ಪ್ರತಿ ಕಂಬವನ್ನೂ ಅದರ ಎಡಬಲದ ಕಿಟಕಿಗಳಿಗೆ ಒಂದೇ ಪ್ಲೇಟ್ ಕಟ್ಟಿಹಾಕಬೇಕು. ಎರಡು ಸುತ್ತು ಪಟ್ಟಿ ಹಾಕಿ, ಎರಡನೆಯದರ ಸಂದುಗಳನ್ನು ಮೊದಲನೆಯದರಿಂದ ಸರಿಸಿ. ಗಾಜುಗಳನ್ನು ಮೆತ್ತನೆ ಬಟ್ಟೆಯಿಂದ ಒರೆಸಿಯೇ ಒಳಗಿಡಿ. ಗಿಡ ತುಂಬಿದ ಮೇಲೆ ಒಳಗಿನ ಬೆರಳಚ್ಚು ಒರೆಸಲು ಕೈ ಹೋಗುವುದಿಲ್ಲ.

ಮಾಡಿನ ಲೆಕ್ಕ ಬಹಳ ಸೊಗಸಾಗಿ ಕೂಡಿಬರುತ್ತದೆ. ಮನೆಯ ಅಗಲ 16, ಅರ್ಧ 8. ನೆತ್ತಿಯ ತೊಲೆಯನ್ನು ಗೋಡೆಗಿಂತ ಐದು ಬ್ರಿಕ್ ಮೇಲೆ ಇಟ್ಟರೆ ಎತ್ತರ 48 ಮಿ.ಮೀ., ಅಂದರೆ ಆರು ಸ್ಟಡ್. 6 ಮತ್ತು 8 ಇದ್ದರೆ ಓರೆ 10. ಆದ್ದರಿಂದ ಪ್ರತಿ ಪಕಾಸಿಗೂ ಒಂದು 1×10 ಪ್ಲೇಟ್. ಒಂದೊಂದು ಪಕ್ಕಕ್ಕೆ ಆರು, ಪ್ರತಿ ಕಂಬದ ನೇರಕ್ಕೆ ಒಂದು. ಗೋಡೆಯ ಮೇಲೆ ಹಿಡಿಕೆಯ ಪ್ಲೇಟ್, ಪಕಾಸಿಯ ಅಡಿಯಲ್ಲಿ ಕ್ಲಿಪ್. ನೆತ್ತಿಯಲ್ಲಿ ಯಾವುದಕ್ಕೂ ಕಚ್ಚಿಸದೆ ಸುಮ್ಮನೆ ಒರಗಿಸಿ. ಆಗ ಮಾಡನ್ನು ಪೆಟ್ಟಿಗೆಯ ಮುಚ್ಚಳದಂತೆ ತೆರೆದು ಒಳಗಿನ ಗಿಡ ತೋರಿಸಬಹುದು, ಧೂಳೂ ತೆಗೆಯಬಹುದು. ಕ್ಲಿಪ್ ತಿರುಗುವ ಬಿಂದು ಗೋಡೆಯ ಅಂಚಿನಿಂದ ತುಸು ಆಚೆ ಇರುವುದರಿಂದ ಮೊದಲು ಎದುರುಬದುರಿನ ಒಂದು ಜೋಡಿಯನ್ನಷ್ಟೇ ಇಟ್ಟು ನೋಡಿ. ನೆತ್ತಿಯಲ್ಲಿ ಎರಡರ ನಡುವೆ ಕೂದಲೆಳೆ ಸಂದು ಉಳಿದರೆ ಒಳ್ಳೆಯದು, ಮೇಲೊಂದು ಟೈಲ್ ಸಾಲು ಅದನ್ನು ಮುಚ್ಚುತ್ತದೆ. ಒಂದಕ್ಕೊಂದು ತಾಗಿದರೆ ಮಾಡು ಮುಚ್ಚಿಕೊಳ್ಳುವುದೇ ಇಲ್ಲ.

ಪಕಾಸಿಗಳನ್ನು ಅಡ್ಡಕ್ಕೆ ಕಟ್ಟುವ ರೀಪುಗಳು ಒಂದು ಪಕ್ಕಕ್ಕೆ ಎರಡು ಸಾಲು, ಪಕಾಸಿಯ ಅಡಿಯಲ್ಲಿ. ಕಂಬಗಳು ನಿಂತಿರುವುದು 1, 6, 11, 16, 21, 26ನೇ ಸ್ಟಡ್‌ನಲ್ಲಿ. ಮೊದಲ ಸಾಲಿಗೆ 10, 8, 8 ಉದ್ದದ ಪ್ಲೇಟ್ ಹಾಕಿದರೆ ಪಕಾಸಿಗಳು ಎರಡೆರಡರ ಮೂರು ಗುಂಪಾಗುತ್ತವೆ, ಗುಂಪು ಗುಂಪಿನ ನಡುವೆ ನಂಟಿರುವುದಿಲ್ಲ. ಎರಡನೇ ಸಾಲಿಗೂ 8, 10, 8 ಹಾಕಿದರೆ ನೋಡಲು ಬೇರೆಯಾದರೂ ಗುಂಪು ಅವೇ, ಮಾಡು ಎತ್ತಿದ ಕೂಡಲೇ ಮೂರು ತುಂಡಾಗಿ ಕೈಗೆ ಬರುತ್ತದೆ. ಎರಡನೇ ಸಾಲು 4, 10, 8, 4 ಇರಲಿ. ಆಗ 6ನೆಯದು 11ಕ್ಕೂ, 16ನೆಯದು 21ಕ್ಕೂ ಕಟ್ಟಿಕೊಳ್ಳುತ್ತದೆ, ಇಡೀ ಪಕ್ಕ ಒಂದೇ ಹಲಗೆಯಂತೆ ಏಳುತ್ತದೆ. ನೆತ್ತಿಯ ತೊಲೆಗೂ ಇದೇ ಎರಡು ಸಾಲಿನ ಉಪಾಯ.

ಮಾಡಿಗೆ ಗಾಜು ಹೊದಿಸುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಪಾರದರ್ಶಕ ತುಣುಕಿನ ಭಾರಕ್ಕೆ ಕ್ಲಿಪ್ ಜಾರುತ್ತದೆ, ಬೆಳಕು ಹೊಳೆದು ಒಳಗಿನದು ಮಸುಕಾಗುತ್ತದೆ. ಬಿಳಿ ಪಕಾಸಿ, ರೀಪುಗಳ ಚೌಕಳಿ ಇದ್ದರೆ ಮನಸ್ಸೇ ಗಾಜು ತುಂಬಿಕೊಳ್ಳುತ್ತದೆ.

ಒಳಗೆ ನಾಲ್ಕನೇ ಕಂಬದ ಸಾಲಿನಲ್ಲಿ ಅಡ್ಡ ಗಾಜಿನ ಗೋಡೆ ಒಂದನ್ನು ನೆತ್ತಿಯವರೆಗೆ ಏರಿಸಿ. 26 ಸ್ಟಡ್ ಉದ್ದದ ತೊಲೆ ನಡುವೆ ಜಗ್ಗದಂತೆ ಅದು ಊರುಗೋಲಾಗುತ್ತದೆ. ಗಿಡಗಳ ದೃಷ್ಟಿಯಿಂದಲೂ ಅದು ಬೇಕು: ತೇವ ಬೇಡುವ ಜರೀಗಿಡ, ತಾಳೆ, ಸೀತಾಳೆಗಳು ದೊಡ್ಡ ಕೋಣೆಗೆ, ಒಣಹವೆಯ ಕಳ್ಳಿ, ಕತ್ತಾಳೆಗಳು ಚಿಕ್ಕ ಕೋಣೆಗೆ. ಕಳ್ಳಿಯನ್ನೂ ಜರೀಗಿಡವನ್ನೂ ಒಂದೇ ಪಾತಿಯಲ್ಲಿ ಕೂರಿಸಿದ ಮಾದರಿ ಎಷ್ಟೇ ಅಂದವಿದ್ದರೂ ಸಸ್ಯೋದ್ಯಾನ ಅನಿಸುವುದಿಲ್ಲ.

ಗಿಡಗಳು

ಎಲೆಯ ತುಣುಕುಗಳು ಬ್ರಿಕ್‌ನ ಗಟ್ಟಿ ಎಬಿಎಸ್ ಪ್ಲಾಸ್ಟಿಕ್‌ನವಲ್ಲ, ಮೆತ್ತನೆಯ ಪಾಲಿಥಿಲೀನ್‌ನವು. 2018ರಿಂದ ಲೆಗೋ ಇವನ್ನು ಕಬ್ಬಿನಿಂದ ತೆಗೆದ ಪಾಲಿಥಿಲೀನ್‌ನಲ್ಲಿ ಮಾಡತೊಡಗಿತು. ಮೆತ್ತಗಿರುವುದರಿಂದ ಅವುಗಳ ಹಿಡಿತ ಸಡಿಲ. ಎಲೆಯ ಮೇಲೆ ಎಲೆ, ಅದರ ಮೇಲೆ ಕೊಂಬೆ ಎಂದು ಭಾರ ಹೇರಿದರೆ ಮರ ದಿನೇ ದಿನೇ ಜೋತುಬೀಳುತ್ತದೆ. ಭಾರ ಹೊರುವುದು ಬ್ರಿಕ್‌ನ ಕಾಂಡ, ಕೊಂಬೆಗಳ ಕೆಲಸ. ಎಲೆ ತುದಿಯಲ್ಲಿ ಮಾತ್ರ.

ದೊಡ್ಡ ಮರಕ್ಕೆ 2×2 ದುಂಡು ಬ್ರಿಕ್ ಆರು, ನಡುವಿನ ರಂಧ್ರದಲ್ಲಿ ಆಕ್ಸೆಲ್ ಎಂಬ ಒಂದೇ ಉದ್ದನೆಯ ಕೋಲು. ಮೇಲೆ ನಾಲ್ಕು ಬದಿಗೂ ಸ್ಟಡ್ ಇರುವ 1×1 ಬ್ರಿಕ್‌ಗಳಿಂದ ಕೊಂಬೆ ತೆಗೆಯಿರಿ. ದೊಡ್ಡ ಎಲೆ (2417) ಆರರಿಂದ ಎಂಟು, ಸಣ್ಣ ಎಲೆ (2423) ಹತ್ತು. ಪ್ರತಿ ಪದರವನ್ನೂ ಕೆಳಗಿನದಕ್ಕಿಂತ ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಮರ ಒಂದೇ ದಿಕ್ಕಿಗೆ ಚಪ್ಪಟೆಯಾಗುತ್ತದೆ. ಒಂದು ಮರಕ್ಕೆ ಎರಡೇ ಹಸಿರು, ಪಕ್ಕದ ಮರಕ್ಕೆ ಬೇರೆ ಎರಡು. ಎಲ್ಲ ಹಸಿರೂ ಎಲ್ಲ ಮರದಲ್ಲಿದ್ದರೆ ದೂರದಿಂದ ಒಂದೇ ಪೊದೆ.

ತಾಳೆಯ ಕಾಂಡಕ್ಕೆ ಸ್ಟಡ್ ಟೊಳ್ಳಾಗಿರುವ 1×1 ದುಂಡು ಬ್ರಿಕ್‌ಗಳನ್ನು 3 ಮಿ.ಮೀ. ದಪ್ಪದ ಮೆತ್ತನೆ ಕೊಳವೆಗೆ ಮಣಿಯಂತೆ ಪೋಣಿಸಿ. ಕಂದು, ಕಡು ಕಂದು ಒಂದಾದ ಮೇಲೊಂದು ಬಂದರೆ ಗರಿ ಉದುರಿದ ಉಂಗುರದ ಗುರುತು ಬರುತ್ತದೆ. ತುಸು ಸಡಿಲ ಬಿಟ್ಟರೆ ಕಾಂಡ ಬಾಗುತ್ತದೆ, ತೆಂಗಿಗೆ ಆ ಬಾಗು ಬೇಕೇ ಬೇಕು. ಎಂಟು ಬ್ರಿಕ್ ಎಂದರೆ ನಿಜದ ಮೂರು ಮೀಟರ್ ಮರ. ಬಿದಿರಿಗೂ ಇದೇ ಉಪಾಯ, ಆದರೆ ನೆಟ್ಟಗೆ: ಹಸಿರು ದುಂಡು ಬ್ರಿಕ್ ಎರಡಕ್ಕೊಮ್ಮೆ ತಿಳಿ ಬಣ್ಣದ 1×1 ದುಂಡು ಪ್ಲೇಟ್ ಒಂದು ಗಿಣ್ಣಾಗಲಿ, ತುದಿಗೆ ಮೂರೆಲೆಯ ತುಣುಕು (30176). ಒಂದೇ ಬಿದಿರು ನೆಡಬೇಡಿ. ಏಳೆಂಟು ಗಳ ಒತ್ತಾಗಿ, ಎತ್ತರ ಬೇರೆ ಬೇರೆಯಾಗಿ ನಿಂತರೆ ಮೆಳೆ.

ಸೀತಾಳೆಗಳನ್ನು ನೆಲದಲ್ಲಿ ನೆಡುವುದು ಎಲ್ಲರೂ ಮಾಡುವ ತಪ್ಪು. ಉಷ್ಣವಲಯದ ಬಹುಪಾಲು ಸೀತಾಳೆಗಳು ಮರದ ತೊಗಟೆಗೆ ಅಂಟಿ ಬೆಳೆಯುತ್ತವೆ. ಕಾಂಡದಲ್ಲಿ ಅಲ್ಲಲ್ಲಿ ಬದಿಗೆ ಸ್ಟಡ್ ಇರುವ ಬ್ರಿಕ್ (87087) ಸೇರಿಸಿ, ಅದಕ್ಕೆ ಮೂರೆಲೆಯ 1×1 ಪ್ಲೇಟ್ (32607), ಅದರ ಮೇಲೆ ಐದೆಸಳಿನ ಹೂ ಪ್ಲೇಟ್ (24866). ಬಿಳಿ, ತಿಳಿ ನೇರಳೆ ಎರಡೇ ಬಣ್ಣ ಸಾಕು. ಕಳ್ಳಿಗೆ ಹಸಿರು 1×1 ದುಂಡು ಬ್ರಿಕ್ ಮೂರು, ನೆತ್ತಿಗೆ ಕೋನ್. ಸುತ್ತ ಮರಳು ಬಣ್ಣದ ಟೈಲ್, ನಾಲ್ಕು ಬೂದು ಕಲ್ಲು. ಅಲ್ಲಿ ಬರಿ ನೆಲ ಧಾರಾಳವಾಗಿ ಕಾಣಲಿ.

ಹೊರಗಿನ ಪಾತಿಗಳಲ್ಲಿ ಒಂದು ಪಾತಿಗೆ ಒಂದೇ ಕುಲ. ಅಂಚಿಗೆ ಟೈಲ್, ಒಳಗೆ ಕಡು ಕಂದು ಪ್ಲೇಟ್, ಗಿಡಗಳು ಸಾಲಾಗಿ. ಪ್ರತಿ ಪಾತಿಯ ದಾರಿಯ ಕಡೆ ಅಂಚಿಗೆ ಬಿಳಿಯ 1×1 ಇಳಿಜಾರು ತುಣುಕು (54200) ಒಂದೊಂದು ಇಡಿ, ಇಳಿಜಾರು ದಾರಿಗೆ ಮುಖ ಮಾಡಿರಲಿ. ಗಿಡದ ವೈಜ್ಞಾನಿಕ ಹೆಸರು, ಕುಲ, ತವರು ಬರೆದ ಫಲಕ ಅದು. ಅಷ್ಟು ಚಿಕ್ಕದರಲ್ಲಿ ಅಕ್ಷರ ಕಾಣದು, ಕಪ್ಪು ಗೆರೆ ಎರಡಿರುವ ಕಾಗದದ ಚೂರು ಅಂಟಿಸಿದರೂ ಓದಲು ಬಾಗಬೇಕೆನಿಸುತ್ತದೆ. ಗೊಂಬೆಗಳನ್ನು ನಿಲ್ಲಿಸುವಾಗ ಒಬ್ಬರನ್ನಾದರೂ ಈ ಫಲಕದತ್ತ ತಿರುಗಿಸಿ.

ಜೋಡಿಸುವ ಕ್ರಮ, ಆಮೇಲಿನ ಆರೈಕೆ

ನೆಲ, ಕೊಳ, ದಾರಿ, ಗಾಜಿನ ಮನೆಯ ಒಳಗಿನ ಗಿಡ, ಆಮೇಲೆ ಗೋಡೆ, ಮಾಡು, ಕೊನೆಗೆ ಹೊರಗಿನ ಪಾತಿ. ಗೋಡೆ ಎದ್ದ ಮೇಲೆ ಒಳಗೆ ಗಿಡ ನೆಡಲು ಹೋದರೆ ಕಂಬಕ್ಕೆ ಕೈ ತಗಲಿ ಒಂದು ಸಾಲು ಕಿಟಕಿಯೇ ಬೀಳುತ್ತದೆ. ಹೊರಗಿನ ಪಾತಿಗಳನ್ನು ಬೇರೆ ಪ್ಲೇಟ್‌ಗಳ ಮೇಲೆ ಮೇಜಿನಲ್ಲೇ ಕಟ್ಟಿ, ಮುಗಿದ ಮೇಲೆ ತಂದು ಕೂರಿಸಿ. ಅಡಿಗೆ ನಾಲ್ಕು ಸ್ಟಡ್ ಮಾತ್ರ ಹಿಡಿಯುವಂತೆ, ಉಳಿದ ಕಡೆ ಟೈಲ್ ಇರುವಂತೆ ಮಾಡಿದರೆ ಇಡೀ ಪಾತಿಯನ್ನು ಗಿಡ ಅಲುಗದೆ ಎತ್ತಬಹುದು.

ನೇರ ಬಿಸಿಲು ಬೀಳುವ ಕಡೆ ಇಡಬೇಡಿ, ಬಿಳಿ ಕಂಬಗಳು ಹಳದಿಗಟ್ಟುತ್ತವೆ. ಧೂಳಿಗೆ ಮೆತ್ತನೆಯ ಬಣ್ಣದ ಕುಂಚ ಸಾಕು, ಮೇಲಿನಿಂದ ಕೆಳಕ್ಕೆ. ತೊಳೆಯಲೇಬೇಕಾದರೆ ಬಿಡಿಸಿ, 40 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಸೌಮ್ಯ ಸೋಪು ಹಾಕಿ ತೊಳೆದು, ಗಾಳಿಯಲ್ಲೇ ಒಣಗಿಸಿ. ಪಾರದರ್ಶಕ ಗಾಜುಗಳನ್ನು ಬೇರೆ ಪಾತ್ರೆಯಲ್ಲಿ ಹಾಕಿ, ಬ್ರಿಕ್‌ಗಳ ಮೂಲೆ ತಾಗಿದರೆ ಗೀರು ಬಿದ್ದೇ ಬೀಳುತ್ತದೆ.